ನಮ್ಮ ಹಿನ್ನೀರಿನ ಮೀನು ಮತ್ತು ಬಲೆಯ ಕಣ್ಣು

 

ಈ ಸಲದ ಗೋಡೆ ಪತ್ರಿಕೆಗೆ ನಾನು ನಮ್ಮ ಹಿನ್ನೀರಿನ ಮೀನುಗಾರಿಕೆಯ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ತರಗತಿಯಲ್ಲಿ ಮೀನು ತಿನ್ನುವವರಿಗಿಂತ ತಿನ್ನದವರೇ ಹೆಚ್ಚು ಎಂದು ನನಗೆ ಗೊತ್ತು. ತಿನ್ನದವರೂ ಓದಬಹುದು. ಇದರಲ್ಲಿ ಅಡುಗೆಯ ಮಾತು ಕಡಿಮೆ, ನೀರಿನ ಮಾತು ಹೆಚ್ಚು ಐತಿ. ಅಲ್ಲದೆ ಒಕ್ಕಲುತನ ಗೊತ್ತಿದ್ದವರಿಗೆ ಮೀನುಗಾರಿಕೆ ಬೇಗ ತಿಳಿಯುತ್ತದೆ. ಅದು ಹ್ಯಾಂಗ ಎಂದು ಮುಂದೆ ಹೇಳುತ್ತೇನೆ.

ಮೊದಲು ನೀರು ಯಾವುದು ಎಂದು ಸರಿಯಾಗಿ ತಿಳಿಯೋಣ. ನಮ್ಮ ಕಡೆ ಎಲ್ಲರೂ "ಡ್ಯಾಮಿನ ನೀರು" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ನಮ್ಮ ಜಿಲ್ಲೆಗೆ ತಾಗಿದ ಕೃಷ್ಣಾ ಹೊಳೆಯ ಮೇಲೆ ಎರಡು ದೊಡ್ಡ ಜಲಾಶಯಗಳಿವೆ. ಮೇಲಿನದು ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ. ಅದಕ್ಕೆ 1964ರ ಮೇ 22ರಂದು ಶಾಸ್ತ್ರೀಜಿಯವರೇ ಅಡಿಗಲ್ಲು ಹಾಕಿದರು. ಕಟ್ಟಿ ಮುಗಿದದ್ದು 2005ರಲ್ಲಿ. ಅಂದರೆ 41 ವರ್ಷ! ಅಡಿಗಲ್ಲು ಹಾಕಿದಾಗ ನನ್ನಷ್ಟಿದ್ದ ಹುಡುಗ ಮುಗಿಯುವಾಗ ಅಜ್ಜನಾಗುವ ಹೊತ್ತಾಗಿತ್ತು. ಕೆಳಗಿನದು ನಾರಾಯಣಪುರದ ಬಸವಸಾಗರ. ಅದು 1982ರಲ್ಲೇ ಮುಗಿಯಿತು. ಆಲಮಟ್ಟಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ನಾರಾಯಣಪುರ ತುಂಬಿದಾಗ 492.25 ಮೀಟರ್. ಕಳೆದು ನೋಡಿರಿ, ಎರಡೂ ನೀರಿಗೆ 27 ಮೀಟರಿಗಿಂತ ಹೆಚ್ಚು ಅಂತರ ಐತಿ.

ಬಾಗಲಕೋಟೆಯ ಸುತ್ತ ನಿಂತದ್ದು ಆಲಮಟ್ಟಿಯ ಹಿನ್ನೀರು. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಅದರಲ್ಲಿ ಮುಳುಗಿ ನವನಗರ ಎದ್ದಿತು. ಅಲ್ಲಿ ಘಟಪ್ರಭೆ ಬಂದು ಕೃಷ್ಣೆಯನ್ನು ಸೇರುತ್ತದೆ. ನಮ್ಮ ಹುನಗುಂದ ಕಡೆ, ಕೂಡಲಸಂಗಮದ ಸುತ್ತ ನಿಂತದ್ದು ನಾರಾಯಣಪುರದ ಹಿನ್ನೀರು. ಇಲ್ಲಿ ಸೇರುವುದು ಮಲಪ್ರಭೆ. ಅದು ಖಾನಾಪುರದ ಹತ್ತಿರ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟು ದಾಟಿ, ಬಾದಾಮಿ ತಾಲೂಕಿನಲ್ಲಿ ಹರಿದು, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ನಮ್ಮ ಹತ್ತಿರ ಬರುತ್ತದೆ. ನಾವು ಪ್ರವಾಸಕ್ಕೆ ಹೋದಾಗ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪಕ್ಕೆ ಬಾವಿಯೊಳಗೆ ಇಳಿದಂತೆ ಮೆಟ್ಟಿಲು ಇಳಿದದ್ದು ನೆನಪಿರಬೇಕು. ಸುತ್ತಲೂ ಗೋಡೆ ಕಟ್ಟಿ ನೀರನ್ನು ಹೊರಗೆ ನಿಲ್ಲಿಸಿದ್ದಾರೆ. ಆ ಗೋಡೆಯ ಆಚೆ ನಿಂತದ್ದೇ ನಾನು ಹೇಳುವ ಹಿನ್ನೀರು.

ಮಲಪ್ರಭೆ ಕೂಡುವ ಈ ಹೊಳೆಸಾಲಿನಲ್ಲಿ ನಮ್ಮ ಮನೆತನದವರು ಮೊದಲು ಹರಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದರು. ಹೊಳೆಯ ಆ ದಂಡೆಗೆ ಹೊಲ ಇದ್ದವರು, ಬೀಗರ ಊರಿಗೆ ಹೋಗುವವರು, ಜಾತ್ರೆಗೆ ಹೋಗುವವರು ಎಲ್ಲರೂ ಹರಗೋಲು ಹತ್ತಬೇಕಿತ್ತು. ಕೂಲಿ ರೊಕ್ಕದಲ್ಲಿ ಅಲ್ಲ, ಸುಗ್ಗಿಯಲ್ಲಿ ಜೋಳದ ರೂಪದಲ್ಲಿ ಬರುತ್ತಿತ್ತು ಎಂದು ಅಜ್ಜ ಹೇಳುತ್ತಾನೆ. ನೀರು ನಿಂತು, ಸೇತುವೆ ಆಗಿ, ಬಸ್ಸು ಬಂದ ಮೇಲೆ ದಾಟಿಸುವ ಕೆಲಸ ಮುಗಿಯಿತು. ಹರಗೋಲು ಉಳಿಯಿತು. ಅದರಲ್ಲಿ ಬಲೆ ಬಂತು. ನಮ್ಮ ಕಡೆ ಅಂಬಿಗರು, ಸುಣಗಾರರು ಮೊದಲಿಂದ ಈ ಕೆಲಸದವರು. ಈಗ ಹೊಲ ಮುಳುಗಿದ ಬೇರೆಯವರೂ ಬಲೆ ಹಿಡಿದಿದ್ದಾರೆ.

ಇನ್ನು ಮೀನಿಗೆ ಬರೋಣ. ನಮ್ಮ ಹಿನ್ನೀರಿನಲ್ಲಿ ಎರಡು ಥರದ ಮೀನುಗಳಿವೆ. ಒಂದು, ಹೊಳೆಯಲ್ಲಿ ಮೊದಲಿಂದಲೂ ಇದ್ದವು. ಬಾಳೆ ಮೀನು, ಕೊರವ, ಚೇಳು ಮೀನು, ಹಾವು ಮೀನು, ಬೆರಳುದ್ದದ ಸಣ್ಣ ಮೀನುಗಳು, ಇವೆಲ್ಲ ಹೊಳೆಯ ಮಕ್ಕಳು. ಬಾಳೆ ಮೀನಿಗೆ ಮೈಮೇಲೆ ಹುರುಪೆ ಇಲ್ಲ, ಬಾಯಿ ಮಾತ್ರ ಬಹಳ ದೊಡ್ಡದು. ಅದು ಬೇರೆ ಮೀನುಗಳನ್ನೇ ನುಂಗಿ ಬದುಕುತ್ತದೆ. ಕೊರವ ಮೀನು ಕಿವಿರಿನಿಂದಷ್ಟೇ ಅಲ್ಲ, ಬಾಯಿ ಮೇಲೆತ್ತಿ ಗಾಳಿಯನ್ನೂ ಉಸಿರಾಡುತ್ತದೆ. ಅದಕ್ಕೇ ನೀರಿನಿಂದ ತೆಗೆದ ಮೇಲೂ ಬುಟ್ಟಿಯಲ್ಲಿ ಬಹಳ ಹೊತ್ತು ಒದ್ದಾಡುತ್ತಿರುತ್ತದೆ.

ಇನ್ನೊಂದು ಥರ, ತಂದು ಬಿಟ್ಟ ಮೀನುಗಳು. ಕಟ್ಲಾ, ರೋಹು, ಮೃಗಾಲ ಎಂಬ ಮೂರು ಮುಖ್ಯ. ಇವು ಮೂಲತಃ ಗಂಗಾ ನದಿಯ ಕಡೆಯವು. ಪೇಟೆಯಲ್ಲಿ ತೂಗಿ ಮಾರುವ ದೊಡ್ಡ ಮೀನುಗಳಲ್ಲಿ ಹೆಚ್ಚಿನವು ಇವೇ. ಇವುಗಳ ಬಾಯಿ ನೋಡಿದರೆ ಇವು ಎಲ್ಲಿ ಉಣ್ಣುತ್ತವೆ ಎಂದು ಹೇಳಬಹುದು. ಕಟ್ಲಾದ ಬಾಯಿ ಮೇಲಕ್ಕೆ ತೆರೆದಿದೆ, ತಲೆ ದೊಡ್ಡದು, ಅದು ನೀರಿನ ಮೇಲಿನ ಪದರದಲ್ಲಿ ಉಣ್ಣುತ್ತದೆ. ರೋಹು ನಡುವೆ. ಮೃಗಾಲದ ಬಾಯಿ ಕೆಳಗೆ ಬಾಗಿದೆ, ಅದು ತಳದ ರಾಡಿಯಲ್ಲಿ ಹುಡುಕಿ ತಿನ್ನುತ್ತದೆ. ನಮ್ಮ ಹೊಲದಲ್ಲಿ ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಾರಲ್ಲ, ಒಂದರ ಬೇರು ಮೇಲೆ, ಇನ್ನೊಂದರದು ಆಳಕ್ಕೆ, ಜಗಳ ಕಡಿಮೆ. ಹಂಗೇ ಇದು. ಒಂದೇ ನೀರಿನಲ್ಲಿ ಮೂರು ಬೆಳೆ.

ಮೀನಿಗೆ ಮೇವು ಹಾಕುವವರು ಯಾರು ಎಂದು ನೀವು ಕೇಳಬಹುದು. ಇಷ್ಟು ದೊಡ್ಡ ನೀರಿಗೆ ಯಾರೂ ಹಾಕುವುದಿಲ್ಲ. ಮಹಾಬಳೇಶ್ವರದ ಕಡೆ ಮಳೆ ಹೊಡೆದು ಕೃಷ್ಣೆ ಕೆಂಪಾಗಿ ಬರುವಾಗ ಮಣ್ಣು, ಎಲೆ, ಸಗಣಿ ಎಲ್ಲವನ್ನೂ ಎಳೆದು ತರುತ್ತದೆ. ಹಿನ್ನೀರು ಎರೆ ಹೊಲಗಳ ಮೇಲೆ ಹರಡುತ್ತದೆ. ಕಳೆತ ಕಸಕಡ್ಡಿಯ ಸಾರ ನೀರಿಗೆ ಇಳಿಯುತ್ತದೆ. ಅದರ ಮೇಲೆ ಬಿಸಿಲು ಬಿದ್ದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಸಸ್ಯಗಳು, ಅವನ್ನು ತಿನ್ನುವ ಸಣ್ಣ ಜೀವಿಗಳು ಹುಟ್ಟುತ್ತವೆ. ಇವಕ್ಕೆ ಪ್ಲಾಂಕ್ಟನ್ ಎನ್ನುತ್ತಾರೆ. ಹೊಸದಾಗಿ ತುಂಬಿದ ಜಲಾಶಯದಲ್ಲಿ ಮೊದಲ ಕೆಲವು ವರ್ಷ ಮೀನು ಬಹಳ ಸಿಗುತ್ತದೆ, ಯಾಕೆಂದರೆ ಮುಳುಗಿದ ಹೊಲ, ಹುಲ್ಲು, ಗಿಡಗಳೆಲ್ಲ ಕಳೆತು ಗೊಬ್ಬರ ಆಗಿರುತ್ತವೆ. ಆಮೇಲೆ ಕಡಿಮೆ ಆಗುತ್ತದೆ. ಇದು ನಮ್ಮಲ್ಲಿ ಮಾತ್ರ ಅಲ್ಲ, ಜಗತ್ತಿನ ಎಷ್ಟೋ ಜಲಾಶಯಗಳಲ್ಲಿ ಕಂಡ ಮಾತು. "ಆವಾಗ ಹರಗೋಲು ತುಂಬ್ತಿತ್ತು, ಈಗ ಬುಟ್ಟಿ ತುಂಬೂದೂ ಕಷ್ಟ" ಎಂದು ಅಜ್ಜ ಅನ್ನುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಅಜ್ಜ ಮಾತ್ರ ಕಾಲ ಕೆಟ್ಟಿತು ಅಂತಾನ.

ಈಗ ಮುಖ್ಯ ಮಾತು. ಕಟ್ಲಾ, ರೋಹು, ಮೃಗಾಲ ಮೂರಕ್ಕೂ ಒಂದು ಹಟ ಐತಿ. ಇವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನಲ್ಲಿ ಹೊಳೆ ತುಂಬಿ ಹರಿಯಬೇಕು, ಹೊಸನೀರು ದಂಡೆ ಮೇಲೆ ಹರಡಬೇಕು, ಆಗ ಮಾತ್ರ ಮೊಟ್ಟೆ. ಕೆರೆಯಲ್ಲಿ ಸಾಕಿದರೆ ದಪ್ಪ ಆಗುತ್ತವೆ, ಹೊಟ್ಟೆಯಲ್ಲಿ ಮೊಟ್ಟೆಯೂ ಬಲಿಯುತ್ತದೆ, ಆದರೆ ಇಡುವುದಿಲ್ಲ. ಹಿಂದಿನ ಕಾಲದಲ್ಲಿ ಮರಿ ಬೇಕಾದರೆ ಉತ್ತರದ ಹೊಳೆಗಳಲ್ಲಿ ಸೋಸಿ ಹಿಡಿದು ತರಬೇಕಿತ್ತು. ಹಿಡಿದದ್ದರಲ್ಲಿ ಬೇಡಾದ ಮರಿಗಳೂ ಬರುತ್ತಿದ್ದವು.

ಈ ತೊಡಕನ್ನು ಬಿಡಿಸಿದವರು ನಮ್ಮ ದೇಶದ ವಿಜ್ಞಾನಿ ಡಾ. ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಅವರು ಮತ್ತು ಡಾ. ಅಲಿಕುಂಞಿ ಅವರು ಮೀನಿನ ಮೆದುಳಿನ ಕೆಳಗಿರುವ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯ ರಸವನ್ನು ತಾಯಿ ಮೀನಿಗೂ ಗಂಡು ಮೀನಿಗೂ ಸೂಜಿಯಿಂದ ಕೊಟ್ಟು ಮೊಟ್ಟೆ ಇಡಿಸಿದರು. ಅದಕ್ಕೇ ಈಗಲೂ ಜುಲೈ 10ನ್ನು ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಈಗ ಗ್ರಂಥಿ ಅರೆಯಬೇಕಾಗಿಲ್ಲ, ತಯಾರಾದ ಔಷಧ ಸಿಗುತ್ತದೆ. ಒಂದು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಅವು ಒಡೆದು ಸೊಳ್ಳೆ ಮರಿಯಂಥ ಮರಿಗಳು ಆಗುತ್ತವೆ.

ಮೀನುಗಾರಿಕೆ ಇಲಾಖೆಯವರು ಇಂಥ ಮರಿಗಳನ್ನು ತೊಟ್ಟಿಗಳಲ್ಲಿ, ಹೊಂಡಗಳಲ್ಲಿ ಬೆರಳುದ್ದ ಬೆಳೆಸಿ ಜಲಾಶಯಕ್ಕೆ ಬಿಡುತ್ತಾರೆ. ಈ ಕೆಲಸಕ್ಕೆ ಅವರ ಕಾಗದಗಳಲ್ಲಿ "ಬಿತ್ತನೆ" ಎಂದೇ ಬರೆದಿರುತ್ತಾರೆ. ಆ ಶಬ್ದ ನನಗೆ ಬಹಳ ಸೇರಿತು. ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಚೀಲ ಬಿಚ್ಚಿ ಒಮ್ಮೆಲೇ ಸುರಿಯಬಾರದು. ಮೊದಲು ಚೀಲವನ್ನು ಹಂಗೇ ಹಿನ್ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿಬಿಡಬೇಕು. ಒಳಗಿನ ನೀರು ಮತ್ತು ಹೊರಗಿನ ನೀರು ಒಂದೇ ಬಿಸಿ ಆದ ಮೇಲೆ ಬಾಯಿ ಬಿಚ್ಚಿದರೆ ಮರಿಗಳು ತಾವೇ ಈಜಿ ಹೋಗುತ್ತವೆ. ಇಲ್ಲದಿದ್ದರೆ ನೀರಿನ ಬಿಸಿ ಒಮ್ಮೆಲೇ ಬದಲಾಗಿ ಸಾಯುತ್ತವೆ.

ಹೊಳೆ ಜೋರಾಗಿ ಬಂದ ವರ್ಷ ಕೆಲವು ದೊಡ್ಡ ಮೀನುಗಳು ಹರಿವಿಗೆ ಎದುರಾಗಿ ಈಜಿ ಮೊಟ್ಟೆ ಇಡಬಹುದು. ಆದರೆ ಅದನ್ನೇ ನಂಬಿ ಕೂಡಲು ಬರುವುದಿಲ್ಲ. ಮೇಲೆ ಒಂದು ಅಣೆಕಟ್ಟು, ಕೆಳಗೆ ಒಂದು ಅಣೆಕಟ್ಟು, ನಡುವಿನ ಮೀನು ಎಷ್ಟು ದೂರ ಈಜೀತು? ಆದ್ದರಿಂದ ನಮ್ಮ ಹಿನ್ನೀರಿನ ದೊಡ್ಡ ಮೀನು ಬಹುಪಾಲು ಬಿತ್ತಿದ ಬೆಳೆ. ಬಿತ್ತಿದ ಬೆಳೆಯನ್ನು ಯಾವಾಗ ಕೊಯ್ಯಬೇಕು ಎಂಬುದನ್ನು ಬಲೆಯ ಕಣ್ಣು ಹೇಳುತ್ತದೆ.

ಬಲೆಯ ಕಣ್ಣು ಎಂದರೆ ಗಂಟು ಗಂಟಿನ ನಡುವಿನ ಕಿಂಡಿ. ಕಾಕಾ ಹೆಚ್ಚಾಗಿ ಬಿಡುವುದು ನೀರಿನಲ್ಲಿ ಪರದೆಯ ಹಾಗೆ ನಿಲ್ಲುವ ಬಲೆ. ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನ ಹಗ್ಗಕ್ಕೆ ಭಾರ. ಸಂಜಿಗೆ ಹರಗೋಲಿನಲ್ಲಿ ಹೋಗಿ ಬಿಟ್ಟು ಬರುತ್ತಾನೆ, ನಸುಕಿನಲ್ಲಿ ಹೋಗಿ ಎತ್ತುತ್ತಾನೆ. ನೈಲಾನ್ ದಾರ ಸಣ್ಣ, ಕತ್ತಲಲ್ಲಿ ಮೀನಿಗೆ ಕಾಣುವುದಿಲ್ಲ. ಮೀನು ಕಣ್ಣಿನೊಳಗೆ ತಲೆ ತೂರಿಸುತ್ತದೆ. ಮುಂದೆ ಹೋಗಲು ಹೊಟ್ಟೆ ಬಿಡುವುದಿಲ್ಲ, ಹಿಂದೆ ಬರಲು ಕಿವಿರಿನ ಮುಚ್ಚಳ ದಾರಕ್ಕೆ ಸಿಗುತ್ತದೆ. ಅದಕ್ಕೇ ಇದಕ್ಕೆ ಕಿವಿರು ಬಲೆ ಎನ್ನಬಹುದು. ಈಗ ವಿಚಾರ ಮಾಡಿರಿ. ಕಣ್ಣಿಗಿಂತ ಸಣ್ಣ ಮೀನು ಪಾರಾಗಿ ಹೋಗುತ್ತದೆ. ಕಣ್ಣಿಗಿಂತ ಬಹಳ ದೊಡ್ಡ ಮೀನಿನ ತಲೆಯೇ ತೂರುವುದಿಲ್ಲ. ನಡುವಿನ ಅಳತೆಯ ಮೀನು ಮಾತ್ರ ಸಿಗುತ್ತದೆ. ಅವ್ವನ ಜರಡಿ ಹಿಟ್ಟು ಸೋಸುವಂತೆಯೇ. ಜರಡಿ ಯಾವುದು ಎಂಬುದನ್ನು ಮನುಷ್ಯ ಆರಿಸುತ್ತಾನೆ.

ಹರಿದ ಬಲೆ ಹೊಲಿಯುವುದೂ ಒಂದು ವಿದ್ಯೆ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಕೊಂಡಿಯಾಗಿ ಜೋಡಿಸುತ್ತಾರೆ ಎಂದು ನೇಕಾರರ ಮನೆಯ ಗೆಳೆಯರು ಹೇಳಿದ್ದಾರೆ. ಕಾಕಾ ಬಲೆ ಹೊಲಿಯುವಾಗ ನನಗೆ ಅದೇ ನೆನಪಾಗುತ್ತದೆ. ಒಂದು ಕಣ್ಣು ಹೆಚ್ಚು ಕಡಿಮೆ ಆದರೂ ಅಲ್ಲೇ ಮೀನು ನುಸುಳುತ್ತದೆ.

ಈಗ ಕೆಲವರು ಬಹಳ ಸಣ್ಣ ಕಣ್ಣಿನ ಬಲೆಯನ್ನು ದಂಡೆಯಿಂದ ಎಳೆಯುತ್ತಾರೆ. ಸೊಳ್ಳೆ ಪರದೆಯಂಥದು. ಅದರಲ್ಲಿ ಹೊಳೆಯ ಸಣ್ಣ ಮೀನು ಬರುತ್ತದೆ, ಅದರ ಜೊತೆಗೆ ಬಿತ್ತಿದ ಮರಿಗಳೂ ಬರುತ್ತವೆ. ಹೋದ ಚಳಿಗಾಲದಲ್ಲಿ ಅಂಥ ಒಂದು ಬುಟ್ಟಿಯನ್ನು ನಾನು ಎಣಿಸಿದೆ. ಕಟ್ಲಾ, ರೋಹು ಮರಿಗಳನ್ನು ಬೇರೆ ಮಾಡಿ ತೂಗಿದಾಗ 12 ಮರಿ ಸೇರಿ 1 ಕಿಲೋ ಆದವು. ಈಗ ಲೆಕ್ಕ. ಆ 12 ಮರಿಗಳನ್ನು ಬಿಟ್ಟಿದ್ದರೆ ಎಲ್ಲವೂ ಬದುಕುತ್ತಿರಲಿಲ್ಲ. ಅರ್ಧ ಬಾಳೆ ಮೀನಿನ ಬಾಯಿಗೆ, ಹಕ್ಕಿಯ ಬಾಯಿಗೆ ಹೋದವು ಎಂದು ಇಟ್ಟುಕೊಳ್ಳೋಣ. ಉಳಿದದ್ದು 6. ಮೇವು ಚೆನ್ನಾಗಿದ್ದರೆ ಕಟ್ಲಾ ಒಂದು ವರ್ಷದಲ್ಲಿ ಕಿಲೋ ತೂಗಬಹುದು. ಅಂದರೆ ಇವತ್ತು 1 ಕಿಲೋ, ಕಾದರೆ 6 ಕಿಲೋ. ದರವೂ ಒಂದೇ ಅಲ್ಲ. ಮರಿಗೆ ವ್ಯಾಪಾರಿ ಕೊಡುವ ದರಕ್ಕೂ ದೊಡ್ಡ ಕಟ್ಲಾಕ್ಕೆ ಕೊಡುವ ದರಕ್ಕೂ ಬಹಳ ಅಂತರ. ಗಣಿತದ ಗುರುಗಳು ಬೇಕಾದರೆ ಇದನ್ನು ಲಾಭ ನಷ್ಟದ ಲೆಕ್ಕವಾಗಿ ಕೊಡಬಹುದು.

ಹಂಗಾದರೆ ಸಣ್ಣ ಕಣ್ಣಿನ ಬಲೆ ಹಾಕುವವರು ಲೆಕ್ಕ ಬರದವರೇ? ಅಲ್ಲ. ನಾನು ಇದನ್ನು ಕಾಕಾನಿಗೂ ಕೇಳಿದೆ, ಅಂಥ ಬಲೆ ಎಳೆಯುವ ಒಬ್ಬ ಮಾವನಿಗೂ ಕೇಳಿದೆ. ಮಾವ ಹೇಳಿದ, "ತಮ್ಮಾ, ಇವತ್ತ ಬಿಟ್ಟ ಮೀನು ನಾಳೆ ನನ್ನ ಬಲ್ಯಾಗ ಬೀಳತೈತಿ ಅಂತ ಬರದು ಕೊಡ್ತೀಯೇನು? ಮಂದಿ ಬಲ್ಯಾಗ ಬಿದ್ದರ?" ಅದೂ ಖರೆ. ಹೊಲಕ್ಕೆ ಬದು ಐತಿ, ನೀರಿಗೆ ಬದು ಇಲ್ಲ. ಇನ್ನೊಂದು, ಬಲೆಗೂ ಹರಗೋಲಿಗೂ ವ್ಯಾಪಾರಿಯ ಹತ್ತಿರ ಮುಂಗಡ ತಂದಿರುತ್ತಾರೆ. ಅವನಿಗೆ ದಿನಾ ಮೀನು ಹಾಕಬೇಕು. ಸಾಲದವನು ಒಂದು ವರ್ಷ ಕಾಯುವುದು ಹ್ಯಾಂಗ? ಮತ್ತೆ ಸಣ್ಣ ಮೀನೆಲ್ಲ ಮರಿ ಅಲ್ಲ. ಹೊಳೆಯ ಕೆಲವು ಮೀನು ಬೆರಳುದ್ದಕ್ಕಿಂತ ಹೆಚ್ಚು ಬೆಳೆಯುವುದೇ ಇಲ್ಲ. ಅವನ್ನು ಹಿಡಿದರೆ ತಪ್ಪಲ್ಲ. ಬಡವರು ಅವನ್ನು ಒಣಗಿಸಿ ಇಟ್ಟುಕೊಂಡು ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ಮುಳ್ಳು ಸಹಿತ ತಿನ್ನುವುದರಿಂದ ಅದರಲ್ಲಿ ಸುಣ್ಣದ ಅಂಶ ಚೆನ್ನಾಗಿ ಸಿಗುತ್ತದೆ ಎಂದು ವಿಜ್ಞಾನದ ಅಕ್ಕೋರು ಹೇಳಿದರು. ಆದ್ದರಿಂದ ಸಣ್ಣ ಬಲೆ ಎಂದ ಕೂಡಲೇ ಬೈಯುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಬುಟ್ಟಿಗೆ ಹಾಕುವ ಮೊದಲು, ಜೀವ ಇರುವಾಗಲೇ, ಕಟ್ಲಾ ರೋಹು ಮರಿಗಳನ್ನು ಆರಿಸಿ ನೀರಿಗೆ ಬಿಟ್ಟರೆ ಸಾಕು. ಮರಿ ಗುರುತಿಸುವುದು ಕಷ್ಟ ಅಲ್ಲ. ಕಟ್ಲಾ ಮರಿಯ ತಲೆಯೇ ಹೇಳುತ್ತದೆ. ಕಾಕಾ ಕತ್ತಲಲ್ಲಿ ಕೈಯಿಂದ ಮುಟ್ಟಿ ಹೇಳುತ್ತಾನೆ.

ಕಾಕಾನ ಸಿಟ್ಟು ಬೇರೆ. ಹಿಂದಿನ ವರ್ಷ ನಾಲ್ಕು ರಾತ್ರಿ ಬಲೆ ಬಿಟ್ಟು ಎತ್ತಿದಾಗ ಮೂರು ರಾತ್ರಿ ಜಿಲೇಬಿ ಮೀನೇ ಬಂತು. ಜಿಲೇಬಿ ಅಂದರೆ ತಿಲಾಪಿಯ. ಅದರ ಒಂದು ಜಾತಿ 1952ರಲ್ಲಿ ನಮ್ಮ ದೇಶಕ್ಕೆ ಬಂತು, ಆಮೇಲೆ ಇನ್ನೊಂದು ಜಾತಿಯೂ ಹೊಳೆ ಸೇರಿತು. ಮೂಲ ಆಫ್ರಿಕಾ ಖಂಡ. ಅದಕ್ಕೆ ಕಟ್ಲಾದಂಥ ಹಟ ಇಲ್ಲ. ನಿಂತ ನೀರಿನಲ್ಲೇ ತಳದಲ್ಲಿ ತಗ್ಗು ತೋಡಿ ಮೊಟ್ಟೆ ಇಡುತ್ತದೆ. ಆಮೇಲೆ ತಾಯಿ ಮೊಟ್ಟೆಗಳನ್ನು ಬಾಯಿಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಮರಿ ಹೊರಗೆ ಬಂದ ಮೇಲೂ ಅಂಜಿಕೆ ಆದರೆ ಮತ್ತೆ ತಾಯಿಯ ಬಾಯಿಗೇ ಓಡುತ್ತವೆ. ತಾಯಿ ಎಂದು ನೋಡಿದರೆ ಮೆಚ್ಚಬೇಕು. ಆದರೆ ವರ್ಷಕ್ಕೆ ಹಲವು ಸಲ ಮರಿ ಮಾಡಿ ಸಂಖ್ಯೆ ಹೆಚ್ಚಾಗಿ ಬೇರೆ ಮೀನಿನ ಮೇವು, ಜಾಗ ಎರಡೂ ಹೋಗುತ್ತವೆ. ದೊಡ್ಡ ಮೀನನ್ನು ಮರಿ ಇದ್ದಾಗಲೇ ಹಿಡಿದುಬಿಟ್ಟರೆ ಅವುಗಳ ಜಾಗಕ್ಕೂ ಜಿಲೇಬಿಯೇ ಬರುತ್ತದೆ ಎಂದು ಕಾಕಾ ಅಂತಾನ. "ಹಿಂಗ ಆದರ ಇನ್ನೆರಡು ವರ್ಷ ನೋಡ್ತೀನಿ, ಆಮ್ಯಾಲ ನಾನೂ ಗೋವಾಕ್ಕ" ಎಂದು ಅವನು ಕಾಕೂನ ಮುಂದೆ ಹೇಳಿದ್ದನ್ನು ನಾನು ಕೇಳಿದ್ದೇನೆ. ನಮ್ಮೂರಿನಿಂದ ಹೋದವರು ಅಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ. ಈಜು ಬಲ್ಲವನಿಗೆ ಇಟ್ಟಿಗೆ ಹೊರುವ ಕೆಲಸ!

ಕಾಯುವ ವಿಷಯಕ್ಕೆ ಮತ್ತೊಂದು ಮಾತು ಸೇರಿಸಬೇಕು. ಈ ಮೂರು ಮೀನು ಸುಮಾರು ಎರಡು ವರ್ಷಕ್ಕೆ ಮೊಟ್ಟೆಗೆ ಬರುತ್ತವೆ. ಮುಂಗಾರಿನಲ್ಲಿ ಹೊಸ ನೀರಿಗೆ ಮೇಲೇರುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಹರಿಯುವ ಸಣ್ಣ ನೀರಿಗೆ ಬಂದಾಗ ಅವನ್ನು ಬಡಿದು ಹಿಡಿಯುವುದು ಬಹಳ ಸುಲಭ. ಸುಲಭ ಎಂದೇ ಎಲ್ಲರೂ ಹಿಡಿಯುತ್ತಾರೆ. ಬೀಜದ ಜೋಳವನ್ನು ಹಗೇವಿನಿಂದ ತೆಗೆದು ರೊಟ್ಟಿ ಮಾಡಿದರೆ ಅಜ್ಜಿ ಸುಮ್ಮನಿರುತ್ತಾಳೆಯೇ?

ಮುಂಗಾರಿನಲ್ಲಿ ಬಲೆ ಬಿಡದಿರುವುದಕ್ಕೆ ಮೀನಿನ ಜೀವ ಮಾತ್ರ ಅಲ್ಲ, ಮನುಷ್ಯರ ಜೀವವೂ ಕಾರಣ. ಆಗ ಪಡುವಣ ಗಾಳಿ ಜೋರು. ಹರಗೋಲು ದುಂಡಗೆ ಇರುವುದರಿಂದ ಗಾಳಿಗೆ ತಿರುಗಣಿಯಂತೆ ತಿರುಗುತ್ತದೆ, ಒಂದೇ ಹುಟ್ಟಿನಿಂದ ಹಿಡಿತಕ್ಕೆ ತರುವುದು ಕಷ್ಟ. ಹಿಂದೆ ಬಿದಿರಿನ ಹೆಣಿಗೆಗೆ ತೊಗಲು ಹೊಚ್ಚುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊಚ್ಚಿ ಡಾಂಬರು ಬಳಿದರು, ಈಗ ಫೈಬರಿನವು ಬಂದಿವೆ. ಆಲಮಟ್ಟಿಯಲ್ಲಿ 26 ಗೇಟುಗಳಿವೆ. ಮೇಲೆ ಮಳೆ ಹೆಚ್ಚಾಗಿ ಗೇಟು ಎತ್ತಿದರೆ ನಮ್ಮ ಕಡೆ ನೀರು ಬೇಗ ಏರಿ ಸೆಳವು ಹುಟ್ಟುತ್ತದೆ. ಹೊಳೆಗೆ ಇಳಿಯಬೇಡಿರಿ ಎಂದು ಸಾರುತ್ತಾರೆ. ಸಾರಿದ ಮೇಲೆ ಬಲೆ ತರಲು ಹೋಗಬಾರದು. ಬಲೆ ಹೋದರೆ ಸಾಲ, ಮನುಷ್ಯ ಹೋದರೆ ಏನು ಹೇಳುವುದು.

ನೀರಿನ ಕೆಳಗೆ ಬೇರೆ ಅಪಾಯವೂ ಐತಿ. ಅಲ್ಲಿ ಅಜ್ಜನ ಹಳೆ ಊರು ಐತಿ. ಜಾಲಿ ಗಿಡಗಳ ಬೊಡ್ಡೆ, ಮನೆಗಳ ಗೋಡೆ, ಬಾವಿಯ ಕಟ್ಟೆ. ಬಲೆ ಅವಕ್ಕೆ ಸಿಕ್ಕರೆ ಎಳೆದಷ್ಟೂ ಹರಿಯುತ್ತದೆ. ವಿಚಿತ್ರ ಏನೆಂದರೆ ಮೀನು ಹೆಚ್ಚು ಸಿಗುವುದೂ ಅಲ್ಲೇ. ಕಲ್ಲಿನ ಸಂದಿಯಲ್ಲಿ ಪಾಚಿ ಬೆಳೆಯುತ್ತದೆ, ಮರಿಗಳಿಗೆ ಅಡಗಲು ಜಾಗ ಸಿಗುತ್ತದೆ, ಮರಿಗಳ ಹಿಂದೆ ಬಾಳೆ ಮೀನು ಬರುತ್ತದೆ. ಕಾಕಾ ಹುಟ್ಟುವ ಮೊದಲೇ ಆ ಊರು ಮುಳುಗಿತ್ತು. ಆದರೂ ಹಣಮಪ್ಪನ ಗುಡಿ ಎಲ್ಲಿ, ಗೌಡರ ವಾಡೆ ಎಲ್ಲಿ, ನಮ್ಮ ಹಗೇವು ಎಲ್ಲಿ ಎಂಬುದು ಅವನಿಗೆ ಗೊತ್ತು. ಅಜ್ಜ ಹರಗೋಲಿನಲ್ಲಿ ಕೂತು ದಂಡೆಯ ಗುಡ್ಡ ನೋಡಿ ಗುರುತು ಹೇಳಿಕೊಟ್ಟ. ಉಳಿದದ್ದನ್ನು ಹರಿದ ಬಲೆ ಹೇಳಿಕೊಟ್ಟಿತು. ನಾನು ಅದರ ಒಂದು ನಕಾಶೆ ಬರೆಯುತ್ತಿದ್ದೇನೆ. ಮುಂದಿನ ಸಂಚಿಕೆಗೆ ಕೊಡುತ್ತೇನೆ.

ಈ ಹಾಳೆಯ ಕೆಳಗೆ ಮೊಳೆಗೆ ಎರಡು ತುಂಡು ಬಲೆ ಕಟ್ಟಿದ್ದೇನೆ. ಒಂದು ಕಾಕಾನದು, ಇನ್ನೊಂದು ದಂಡೆಯಲ್ಲಿ ಬಿಸಾಡಿದ್ದು. ಕಣ್ಣು ಅಳೆಯುವ ರೀತಿ ಹೀಗೆ: ಒಂದು ಕಣ್ಣಿನ ಎದುರುಬದುರು ಗಂಟುಗಳನ್ನು ಎರಡು ಕೈಯಿಂದ ಹಿಡಿದು ಬಿಗಿಯಾಗಿ ಎಳೆಯಿರಿ, ಗೆಳೆಯನಿಗೆ ಪಟ್ಟಿ ಹಿಡಿಯಲು ಹೇಳಿರಿ, ಗಂಟಿನಿಂದ ಗಂಟಿಗೆ ಎಷ್ಟು ಮಿಲಿಮೀಟರ್ ಎಂದು ಬರೆಯಿರಿ. ಒಂದನೇ ತುಂಡಿನಲ್ಲಿ ನಿಮ್ಮ ಮುಷ್ಟಿ ತೂರುತ್ತದೆಯೇ ನೋಡಿರಿ. ಎರಡನೆಯದರಲ್ಲಿ ಪೆನ್ಸಿಲ್ ತೂರಿಸಿ ನೋಡಿರಿ. ಬಲೆ ಎಳೆದು ಹರಿಯಬೇಡಿರಿ, ಕಾಕಾನ ತುಂಡನ್ನು ಶನಿವಾರ ತಿರುಗಿ ಕೊಡಬೇಕು.

— 7ನೇ ತರಗತಿಯ ವಿದ್ಯಾರ್ಥಿ